ಶಿಷ್ಯರ ಭಾಷೆ ಕಲಿತ ಧರ್ಮಗುರು: ಅಬೆ ದ ಲೆಪೆ



ಅಂಧರ ಲಿಪಿಯನ್ನು ರೂಪಿಸಿದವರು ಯಾರೆಂದು ರಸಪ್ರಶ್ನೆ ಸ್ಪರ್ಧೆಯಲ್ಲಿ ಕೇಳಿದರೆ ಐದನೇ ತರಗತಿಯ ಮಗುವೂ ಲೂಯಿ ಬ್ರೈಲ್ ಎಂದು ಉತ್ತರ ಕೊಡುತ್ತದೆ. ಬ್ರೈಲ್ ಓದಿ ಬೆಳೆದ ಅದೇ ಪ್ಯಾರಿಸ್ ನಗರದಲ್ಲಿ, ಅವರು ಹುಟ್ಟುವುದಕ್ಕೆ ಸುಮಾರು 50 ವರ್ಷ ಮೊದಲು, ಕಿವುಡ ಮಕ್ಕಳಿಗಾಗಿ ತಮ್ಮ ಮನೆಯನ್ನೇ ಶಾಲೆಯಾಗಿ ಮಾಡಿದ ಒಬ್ಬ ಪಾದ್ರಿ ಇದ್ದರು. ಅವರ ಹೆಸರು ಶಿಕ್ಷಕರಾದ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬಿ.ಇಡಿ. ಓದುವಾಗ ರೂಸೋ ಬಂದರು, ಪೆಸ್ಟಲಾಜಿ ಬಂದರು, ಫ್ರೋಬೆಲ್ ಮತ್ತು ಮಾಂಟೆಸ್ಸೊರಿ ಬಂದರು. ಪರೀಕ್ಷೆಗೆ ಅವರ ಮೇಲೆ ಟಿಪ್ಪಣಿ ಬರೆದೆವು. ಈ ಪಾದ್ರಿ ಮಾತ್ರ ಬರಲಿಲ್ಲ.

ಅವರ ಹೆಸರು ಷಾರ್ಲ್ ಮಿಷೆಲ್ ದ ಲೆಪೆ. ಫ್ರಾನ್ಸಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳನ್ನು ಗೌರವದಿಂದ 'ಅಬೆ' ಎಂದು ಕರೆಯುವುದು ವಾಡಿಕೆ, ನಾವು 'ಮೌಲಾನಾ' ಎನ್ನುವ ಹಾಗೆ. ಆದ್ದರಿಂದ ಚರಿತ್ರೆಯಲ್ಲಿ ಅವರು ಅಬೆ ದ ಲೆಪೆ ಎಂದೇ ಪ್ರಸಿದ್ಧರು.

ಅವರ ಕೆಲಸ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಅವರಿಗಿಂತ ಮೊದಲು ಕಿವುಡರ ಸ್ಥಿತಿ ಹೇಗಿತ್ತು ಎಂಬುದನ್ನು ಸ್ವಲ್ಪ ನೋಡಬೇಕು. ಆರನೇ ಶತಮಾನದ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಅವರ ಕಾನೂನು ಯೂರೋಪಿನ ಕಾನೂನುಗಳಿಗೆಲ್ಲ ತಾಯಿಬೇರು. ಹುಟ್ಟಿನಿಂದಲೇ ಕಿವಿ ಕೇಳದ, ಮಾತು ಬಾರದ ವ್ಯಕ್ತಿ ಉಯಿಲು ಬರೆಯುವಂತಿಲ್ಲ ಎಂದು ಅದು ವಿಧಿಸಿತ್ತು. ಓದು ಬರಹ ಬಲ್ಲವನಿಗೆ, ಅಂದರೆ ನಂತರ ಕಿವುಡಾದವನಿಗೆ, ವಿನಾಯಿತಿ ಇತ್ತು. ಹುಟ್ಟು ಕಿವುಡನಿಗೆ ಓದು ಬರಹ ಕಲಿಸುವವರೇ ಇಲ್ಲದಿದ್ದಾಗ ಆ ವಿನಾಯಿತಿಯಿಂದ ಅವನಿಗೆ ಏನು ಬಂತು? ಇನ್ನು ಚರ್ಚಿನ ಬೋಧನೆಯಲ್ಲಿ ವಿಶ್ವಾಸವು ಕಿವಿಯ ಮೂಲಕ, ಉಪದೇಶ ಕೇಳುವುದರ ಮೂಲಕ ಬರುತ್ತದೆ ಎಂಬ ಮಾತಿಗೆ ದೊಡ್ಡ ಸ್ಥಾನವಿತ್ತು. ಕಿವಿಯೇ ಇಲ್ಲದವನಿಗೆ ಧರ್ಮದ ಬಾಗಿಲು ಎಲ್ಲಿ ಎಂಬ ಪ್ರಶ್ನೆ ಹೀಗೆ ಹುಟ್ಟಿತು.

ಹದಿನಾರನೇ ಶತಮಾನದಲ್ಲಿ ಸ್ಪೇನಿನ ಒಂದು ಮಠದ ಸನ್ಯಾಸಿ ಪೆದ್ರೊ ಪೊನ್ಸೆ ಎಂಬವರು ದೊಡ್ಡ ಮನೆತನದ ಕಿವುಡ ಹುಡುಗರಿಗೆ ಓದು, ಬರಹ, ಮಾತು ಕಲಿಸಿ ಎಲ್ಲರನ್ನೂ ಬೆರಗುಗೊಳಿಸಿದರು. 1620ರಲ್ಲಿ ಅದೇ ದೇಶದ ಬೊನೆತ್ ಎಂಬವರು ಬೆರಳಿನ ಅಕ್ಷರಮಾಲೆಯ ಚಿತ್ರಗಳಿರುವ ಪುಸ್ತಕವನ್ನೂ ಪ್ರಕಟಿಸಿದರು. ಆದರೆ ಈ ವಿದ್ಯೆ ಜಮೀನು, ಪದವಿ ಇದ್ದ ಮನೆಗಳ ಹೊಸ್ತಿಲು ದಾಟಲಿಲ್ಲ. ಆಸ್ತಿ ಇರುವಲ್ಲಿ ವಾರಸುದಾರನಿಗೆ ಮಾತು ಬೇಕು. ಚಮ್ಮಾರನ ಮಗ ಕಿವುಡಾದರೆ ಯಾರಿಗೇನು?

ಇಲ್ಲಿ ನಮ್ಮ ಕಡೆಯ ಚರಿತ್ರೆಯ ಒಂದೆರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಹನಫಿ ಫಿಕ್ಹ್‌ನಲ್ಲಿ ಮಾತು ಬಾರದವನ ಸ್ಪಷ್ಟವಾದ ಸನ್ನೆಗೆ ಮಾತಿನ ಬೆಲೆ ಉಂಟು; ನಿಕಾಹ್‌ನಲ್ಲೂ ತಲಾಕ್‌ನಲ್ಲೂ ಅದು ನಡೆಯುತ್ತದೆ. 1869ರಿಂದ 1876ರ ನಡುವೆ ತುರ್ಕಿಯ ಉಸ್ಮಾನಿ ಸರ್ಕಾರ ಈ ಫಿಕ್ಹ್‌ನ ಆಧಾರದ ಮೇಲೆ 'ಮಜಲ್ಲೆ' ಎಂಬ ನಾಗರಿಕ ಸಂಹಿತೆಯನ್ನು ಹೊರತಂದಾಗ ಅದರ 70ನೇ ಕಲಮಿನಲ್ಲಿ ಇದನ್ನೇ ಬರೆಯಿತು. ಅದಕ್ಕೂ ಬಹಳ ಹಿಂದೆ, 16 ಮತ್ತು 17ನೇ ಶತಮಾನಗಳಲ್ಲಿ, ಇಸ್ತಾಂಬುಲಿನ ಅರಮನೆಯಲ್ಲಿ ಕಿವುಡ ಸೇವಕರ ಒಂದು ಗುಂಪೇ ಇತ್ತು. ಅವರನ್ನು 'ದಿಲ್ಸಿಜ್' ಎನ್ನುತ್ತಿದ್ದರು. ನಮ್ಮ ಉರ್ದುವಿನ 'ಬೇಜುಬಾನ್' ಎಂಬುದೂ ಅದೇ ಅರ್ಥದ ಪದ. ಸುಲ್ತಾನರ ಎದುರು ಮೌನವೇ ಮರ್ಯಾದೆಯಾಗಿದ್ದ ಆ ಆಸ್ಥಾನದಲ್ಲಿ ಈ ಸೇವಕರ ಸನ್ನೆ ಭಾಷೆಯನ್ನು ಅರಮನೆಯ ಇತರರೂ ಕಲಿತು ಬಳಸುತ್ತಿದ್ದರು, ಸುಲ್ತಾನರಲ್ಲೂ ಕೆಲವರು ಕಲಿತಿದ್ದರು. ಆ ಭಾಷೆಯಲ್ಲಿ ಎಲ್ಲ ವಿಷಯವನ್ನೂ ಹೇಳಬಹುದಿತ್ತು ಎಂದು ಯೂರೋಪಿನ ಪ್ರವಾಸಿಗರು ಆಶ್ಚರ್ಯದಿಂದ ಬರೆದಿಟ್ಟಿದ್ದಾರೆ. ಇದನ್ನು ಓದಿ ಹೆಮ್ಮೆ ಪಡಬಹುದು, ಆದರೆ ಪೂರ್ತಿ ಓದಬೇಕು. ಆ ಸೇವಕರನ್ನು ಇಟ್ಟುಕೊಂಡದ್ದಕ್ಕೆ ಅವರಿಂದ ಗುಟ್ಟು ಹೊರಬೀಳಲಾರದು ಎಂಬುದೂ ಒಂದು ಕಾರಣ. ಮರಣದಂಡನೆ ನಡೆಸುವ ಕೆಲಸಕ್ಕೂ ಅವರಲ್ಲಿ ಕೆಲವರನ್ನು ಬಳಸಿಕೊಳ್ಳಲಾಯಿತು. ಅರಮನೆಯ ಗೋಡೆಯ ಹೊರಗಿನ ಬಡ ಕಿವುಡ ಮಗುವಿಗೆ ಇಸ್ತಾಂಬುಲಿನಲ್ಲಿ ಶಾಲೆ ತೆರೆದದ್ದು 1889ರಲ್ಲಿ. ಬಡವರ ಮಗುವಿಗೆ ಶಾಲೆ ಎಂಬ ವಿಚಾರಕ್ಕೆ ನಾವು ಪ್ಯಾರಿಸ್‌ನ ಆ ಪಾದ್ರಿಯ ಬಳಿಗೇ ಹೋಗಬೇಕು.

ಲೆಪೆ ಅವರು ಹುಟ್ಟಿದ್ದು 1712ರ ನವೆಂಬರಿನಲ್ಲಿ, ಫ್ರಾನ್ಸಿನ ರಾಜರ ಅರಮನೆ ಇದ್ದ ವರ್ಸೇಲ್ಸ್ ಪಟ್ಟಣದಲ್ಲಿ. ತಂದೆ ರಾಜರ ಕಟ್ಟಡಗಳ ಕೆಲಸದಲ್ಲಿದ್ದವರು, ಅನುಕೂಲಸ್ಥರು. ಹುಡುಗನಿಗೆ ಚಿಕ್ಕಂದಿನಿಂದಲೂ ಪಾದ್ರಿಯಾಗುವ ಆಸೆ. ಧರ್ಮಶಾಸ್ತ್ರ ಓದಿದರು. ಆದರೆ ಪಾದ್ರಿ ದೀಕ್ಷೆಯ ಹೊತ್ತಿಗೆ ಒಂದು ಕಾಗದ ಅಡ್ಡ ಬಂತು. ಆ ಕಾಲದ ಫ್ರಾನ್ಸಿನಲ್ಲಿ ಜಾನ್ಸನಿಸಂ ಎಂಬ ಒಂದು ಪಂಥವಿತ್ತು. ದೇವರ ಕೃಪೆಯ ಬಗ್ಗೆ, ಕಟ್ಟುನಿಟ್ಟಿನ ಬದುಕಿನ ಬಗ್ಗೆ ಅದರ ವಿಚಾರಗಳು ಬೇರೆ. ಪೋಪರು ಅದನ್ನು ಖಂಡಿಸಿದ್ದರು. ಪಾದ್ರಿಯಾಗುವವರು ಆ ಪಂಥವನ್ನು ತಿರಸ್ಕರಿಸುವ ಪತ್ರಕ್ಕೆ ಸಹಿ ಹಾಕಬೇಕಾಗಿತ್ತು. ಯುವಕ ಲೆಪೆ ಅವರ ಮನಸ್ಸು ಒಪ್ಪಲಿಲ್ಲ. ಸಹಿ ಹಾಕಲಿಲ್ಲ.

ಬೇರೆ ದಾರಿ ಕಾಣದೆ ಕಾನೂನು ಓದಿ ವಕೀಲರಾದರು. ಆ ವೃತ್ತಿ ಹಿಡಿಸಲಿಲ್ಲ. ಆಮೇಲೆ ಟ್ರ್ವಾ ಎಂಬ ಊರಿನ ಬಿಷಪರು, ಅವರಿಗೂ ಅದೇ ಪಂಥದ ಕಡೆ ಒಲವು, ಇವರನ್ನು ಕರೆದು ದೀಕ್ಷೆ ಕೊಟ್ಟರು. ಆ ಬಿಷಪರ ಕಾಲ ಮುಗಿದ ಮೇಲೆ ಲೆಪೆ ಅವರ ನೆಲೆಯೂ ತಪ್ಪಿತು. ಪ್ಯಾರಿಸಿಗೆ ಬಂದರೆ ಅಲ್ಲಿಯ ಆರ್ಚ್‌ಬಿಷಪರು ಭಕ್ತರ ಪಾಪನಿವೇದನೆ ಕೇಳುವ ಅಧಿಕಾರವನ್ನೂ ಇವರಿಗೆ ಕೊಡಲಿಲ್ಲ. ಕಲ್ಪಿಸಿಕೊಳ್ಳಿ: ವಯಸ್ಸು ಐವತ್ತು ಸಮೀಪಿಸಿದೆ, ಧರ್ಮಶಾಸ್ತ್ರ ಬಲ್ಲರು, ಕಾನೂನು ಬಲ್ಲರು, ಆದರೆ ಉಪದೇಶ ಮಾಡಲು ಒಂದು ಚರ್ಚಿಲ್ಲ, ಕೇಳಲು ಜನರಿಲ್ಲ. ತಮ್ಮ ಧರ್ಮದೊಳಗೇ ಬಾಯಿ ಕಟ್ಟಿಸಿಕೊಂಡ ಮನುಷ್ಯ ಅವರು. ಮುಂದೆ ಅವರು ಮಾಡಿದ ಕೆಲಸಕ್ಕೂ ಈ ಅನುಭವಕ್ಕೂ ಸಂಬಂಧವಿದೆ ಎಂದು ನನಗೆ ಅನ್ನಿಸುತ್ತದೆ. ಅಧಿಕಾರದ ಬಾಗಿಲಲ್ಲಿ ನಿಂತು ಕಾದವರಿಗೆ ಮಾತ್ರ ತಿಳಿಯುವ ಕೆಲವು ಸಂಗತಿಗಳಿರುತ್ತವೆ.

1760ರ ಆಸುಪಾಸಿನಲ್ಲಿ ಒಂದು ದಿನ ಲೆಪೆ ಅವರು ಯಾವುದೋ ಕೆಲಸದ ಮೇಲೆ ಪ್ಯಾರಿಸ್‌ನ ಒಂದು ಮನೆಗೆ ಹೋದರು. ಮನೆಯೊಡತಿ ಹೊರಗೆ ಹೋಗಿದ್ದರು. ಒಳಗೆ ಇಬ್ಬರು ಹೆಣ್ಣುಮಕ್ಕಳು ತಲೆ ಬಗ್ಗಿಸಿ ಹೊಲಿಗೆ ಹಾಕುತ್ತಿದ್ದರು. ಇವರು ಮಾತನಾಡಿಸಿದರು, ಉತ್ತರವಿಲ್ಲ. ಮತ್ತೆ ಮಾತನಾಡಿಸಿದರು, ಹುಡುಗಿಯರು ತಲೆಯೆತ್ತಲೂ ಇಲ್ಲ. ತಾಯಿ ಬಂದ ಮೇಲೆ ವಿಷಯ ತಿಳಿಯಿತು: ಇಬ್ಬರೂ ಅವಳಿ ಮಕ್ಕಳು, ಇಬ್ಬರಿಗೂ ಕಿವಿ ಕೇಳುವುದಿಲ್ಲ. ವಾನಿನ್ ಎಂಬ ಒಬ್ಬ ಪಾದ್ರಿ ಚಿತ್ರಗಳನ್ನು ತೋರಿಸಿ ಅವರಿಗೆ ಧರ್ಮದ ನಾಲ್ಕು ಮಾತು ಕಲಿಸಲು ತೊಡಗಿದ್ದರು, ಅವರೂ ತೀರಿಕೊಂಡರು. ತಾಯಿ ಅತ್ತರು. ಈ ಮಕ್ಕಳು ದೇವರನ್ನು ಅರಿಯದೆ ಬದುಕಿ ಹಾಗೆಯೇ ಸಾಯಬೇಕಾಗುತ್ತದಲ್ಲ ಎಂಬ ಸಂಕಟದಿಂದ ಆ ಕೆಲಸವನ್ನು ತಾವೇ ವಹಿಸಿಕೊಂಡೆ ಎಂದು ಲೆಪೆ ಅವರು ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ.

ಅವರ ಮೊದಲ ಉದ್ದೇಶ ಸಮಾಜ ಸುಧಾರಣೆಯಾಗಲಿ, ಈಗಿನವರು ಹೇಳುವ ಹಕ್ಕುಗಳಾಗಲಿ ಅಲ್ಲ, ಆತ್ಮದ ಉದ್ಧಾರ. ಇದನ್ನು ಮುಚ್ಚಿಟ್ಟು ಅವರನ್ನು ನಮ್ಮ ಕಾಲದ ಮನುಷ್ಯನನ್ನಾಗಿ ಮಾಡುವುದು ಸರಿಯಲ್ಲ. ಆದರೆ ಆ ಉದ್ದೇಶಕ್ಕೆ ಅವರು ಹಿಡಿದ ದಾರಿಯೇ ಚರಿತ್ರೆಯನ್ನು ತಿರುಗಿಸಿತು.

ಆ ದಾರಿ ಯಾವುದು? ಅವರಿಗೆ ಹದಿನಾರನೇ ವಯಸ್ಸಿನಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರು ಹೇಳಿದ ಒಂದು ವಿಚಾರ ನೆನಪಿತ್ತು. ಒಂದು ವಸ್ತುವಿಗೂ ಅದರ ಹೆಸರಿನ ಸದ್ದಿಗೂ ಹುಟ್ಟಿನಿಂದ ಬಂದ ನಂಟು ಇಲ್ಲ. ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ಕನ್ನಡದಲ್ಲಿ ನೀರು, ಉರ್ದುವಿನಲ್ಲಿ ಪಾನಿ, ಅರಬಿಯಲ್ಲಿ ಮಾ ಎನ್ನುತ್ತೇವೆ. ಸದ್ದು ಮೂರು, ಕುಡಿಯುವುದು ಒಂದೇ. ಹಾಗಿದ್ದ ಮೇಲೆ ಸದ್ದಿನ ಹಂಗಿಲ್ಲದೆ, ಕಣ್ಣಿಗೆ ಕಾಣುವ ಬರಹವನ್ನೂ ಕೈಯ ಸನ್ನೆಯನ್ನೂ ನೇರವಾಗಿ ಅರ್ಥಕ್ಕೆ ಜೋಡಿಸಬಹುದಲ್ಲ? ಕಿವಿಯ ಬಾಗಿಲು ಮುಚ್ಚಿದ್ದರೆ ಕಣ್ಣಿನ ಕಿಟಕಿಯಿಂದ ಒಳಗೆ ಹೋಗೋಣ ಎಂದು ಅವರು ಹೊರಟರು. ಇದಕ್ಕೆ ಮೊದಲು ಅವರೇ ವಿದ್ಯಾರ್ಥಿಯಾಗಬೇಕಾಯಿತು. ಆ ಹುಡುಗಿಯರು ತಮ್ಮೊಳಗೆ ಬಳಸುತ್ತಿದ್ದ ಸನ್ನೆಗಳನ್ನು ಕಲಿತರು. ಮುಂದೆ ಬಂದ ಪ್ರತಿಯೊಂದು ಮಗುವಿನಿಂದಲೂ ಕಲಿತರು.

ಪ್ಯಾರಿಸ್‌ನ ಮೂಲೆಂ ಬೀದಿಯ ಅವರ ಮನೆಯೇ ಶಾಲೆಯಾಯಿತು. ಶುಲ್ಕವಿಲ್ಲ. ಖರ್ಚು ಪಿತ್ರಾರ್ಜಿತ ಆಸ್ತಿಯ ಆದಾಯದಿಂದ. ಶ್ರೀಮಂತರ ಮಕ್ಕಳು ಬಂದರೆ ಬೇಡ ಎನ್ನುವುದಿಲ್ಲ ಅಷ್ಟೆ, ನಾನು ಈ ಕೆಲಸ ಹಿಡಿದಿರುವುದು ಬಡವರಿಗಾಗಿ ಎಂಬುದು ಅವರ ನಿಲುವಾಗಿತ್ತು. ಇಬ್ಬರಿಂದ ಆರಂಭವಾದ ಶಾಲೆಯಲ್ಲಿ 1780ರ ದಶಕದ ನಡುವಿನ ಹೊತ್ತಿಗೆ ಸುಮಾರು 70 ಮಕ್ಕಳಿದ್ದರು. 1771ರಿಂದ ಸಾರ್ವಜನಿಕ ಪರೀಕ್ಷೆಗಳನ್ನು ನಡೆಸಿದರು. ಪಂಡಿತರು, ಅಧಿಕಾರಿಗಳು, ರಾಯಭಾರಿಗಳು ಬಂದು ಕುಳಿತು ನೋಡುವರು. ಕಿವುಡ ಮಕ್ಕಳು ಫ್ರೆಂಚ್, ಲ್ಯಾಟಿನ್ ಮುಂತಾದ ಭಾಷೆಗಳಲ್ಲಿ ಹಲಗೆಯ ಮೇಲೆ ಉತ್ತರ ಬರೆಯುವರು.

ಒಂದು ದಿನ ಯಾರೋ ಅಪರಿಚಿತರು ಒಂದು ಸ್ಪ್ಯಾನಿಷ್ ಪುಸ್ತಕವನ್ನು ಮಾರಲು ತಂದರು. ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಬೇಡ ಎಂದು ಲೆಪೆ ಅವರು ಹಿಂದಕ್ಕೆ ಕೊಡುವವರಿದ್ದರು. ಪುಟ ತೆರೆದರೆ ಬೆರಳಿನ ಅಕ್ಷರಮಾಲೆಯ ಚಿತ್ರ! ಅದು ಮೇಲೆ ಹೇಳಿದ ಬೊನೆತ್ ಅವರ ಪುಸ್ತಕ. ಕೂಡಲೇ ಕೊಂಡುಕೊಂಡರು; ಅದನ್ನು ಓದುವುದಕ್ಕಾಗಿಯೇ ಆ ವಯಸ್ಸಿನಲ್ಲಿ ಸ್ಪ್ಯಾನಿಷ್ ಭಾಷೆ ಕಲಿತರು. ಹೊಸ ಭಾಷೆ ಕಲಿಯಲು ವಯಸ್ಸು ಮೀರಿತು ಎನ್ನುವ ನಮ್ಮ ಸಹೋದ್ಯೋಗಿಗಳು ಇದನ್ನು ಗಮನಿಸಬಹುದು.

ಈಗ ಅವರ ಪದ್ಧತಿಯ ಮುಖ್ಯ ಭಾಗಕ್ಕೆ ಬರೋಣ. ಮಕ್ಕಳ ಸಹಜ ಸನ್ನೆಗಳಲ್ಲಿ ಫ್ರೆಂಚ್ ಭಾಷೆಯ ಲಿಂಗ, ಕಾಲ, ಪ್ರತ್ಯಯಗಳು ಇರಲಿಲ್ಲ. ಅವು ಇಲ್ಲದೆ ಫ್ರೆಂಚ್ ಬರೆಯುವುದು ಹೇಗೆ? ಆದ್ದರಿಂದ ಲೆಪೆ ಅವರು ವ್ಯಾಕರಣಕ್ಕೂ ಸನ್ನೆಗಳನ್ನು ಕಟ್ಟಿದರು. ಇವಕ್ಕೆ 'ಕ್ರಮಬದ್ಧ ಸನ್ನೆಗಳು' ಎಂದು ಹೆಸರಿಟ್ಟರು. ಪುಲ್ಲಿಂಗಕ್ಕೆ ಕೈ ಟೋಪಿಯ ಬಳಿ ಹೋಗುತ್ತದೆ. ಸ್ತ್ರೀಲಿಂಗಕ್ಕೆ, ಹೆಂಗಸರ ತಲೆಯುಡುಗೆ ಮುಗಿಯುವ ಕಿವಿಯ ಬಳಿಗೆ. ಭೂತಕಾಲಕ್ಕೆ ಕೈಯನ್ನು ಹೆಗಲ ಹಿಂದಕ್ಕೆ ಎಸೆಯಬೇಕು: ಒಂದು ಸಲ ಎಸೆದರೆ ಒಂದು ಬಗೆಯ ಭೂತಕಾಲ, ಎರಡು ಸಲಕ್ಕೆ ಇನ್ನೊಂದು, ಮೂರು ಸಲಕ್ಕೆ ಮತ್ತೊಂದು. 'ನಾನು ನಂಬುತ್ತೇನೆ' ಎಂಬುದಕ್ಕೆ ಅವರು ಕೊಟ್ಟ ವಿವರಣೆ ನನಗೆ ಬಹಳ ಇಷ್ಟ. ಬುದ್ಧಿ ಹೌದು ಎನ್ನುತ್ತದೆ, ಹೃದಯ ಹೌದು ಎನ್ನುತ್ತದೆ, ಬಾಯಿ ಹೌದು ಎನ್ನುತ್ತದೆ, ಕಣ್ಣಿಗೆ ಮಾತ್ರ ಕಂಡಿಲ್ಲ. ಈ ನಾಲ್ಕನ್ನೂ ಸನ್ನೆಯಲ್ಲಿ ತೋರಿಸಿದರೆ 'ನಂಬಿಕೆ'. ಈಮಾನ್ ಎಂದರೇನು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು ಆ ಕಿವುಡ ಮಗುವಿಗೆ ಸಿಕ್ಕಿದಷ್ಟು ಸ್ಪಷ್ಟವಾಗಿ ಅದನ್ನು ವಿವರಿಸುತ್ತೇವೆಯೇ?

ಆದರೆ ಇಲ್ಲಿಯೇ ತೊಡಕೂ ಇತ್ತು. ಸಹಜ ಸನ್ನೆಯಲ್ಲಿ ಕ್ಷಣದಲ್ಲಿ ಮುಗಿಯುವ ಮಾತು ಕ್ರಮಬದ್ಧ ಸನ್ನೆಗಳಲ್ಲಿ ಉದ್ದನೆಯ ಮೆರವಣಿಗೆಯಾಗುತ್ತಿತ್ತು. ಗುರುಗಳು ಸನ್ನೆಯಲ್ಲಿ ಹೇಳಿದ ವಾಕ್ಯವನ್ನು ಮಕ್ಕಳು ತಪ್ಪಿಲ್ಲದೆ ಫ್ರೆಂಚಿನಲ್ಲಿ ಬರೆಯುತ್ತಿದ್ದರು. ಆದರೆ ತಮ್ಮ ಮನಸ್ಸಿನ ಮಾತನ್ನು ತಾವೇ ಬರೆಯಿರಿ ಎಂದರೆ ತಡವರಿಸುತ್ತಿದ್ದರು. ಅದೊಂದು ಬಗೆಯ ಉಕ್ತಲೇಖನ. ನಮ್ಮ ತರಗತಿಯಲ್ಲಿ ಪೂರ್ಣ ಅಂಕ ಪಡೆದು ಅರ್ಥ ಕೇಳಿದರೆ ನೆಲ ನೋಡುವ ಮಕ್ಕಳಿಲ್ಲವೇ? ತಮ್ಮ ಶಿಷ್ಯರಾದ ಅಬೆ ಸಿಕಾರ್ ಅವರಿಗೆ ಬರೆದ ಪತ್ರದಲ್ಲಿ ಲೆಪೆ ಅವರೇ ಇದನ್ನು ಒಪ್ಪಿಕೊಂಡಿದ್ದಾರೆ. ಮಕ್ಕಳು ತಮ್ಮ ವಿಚಾರಗಳನ್ನು ತಾವಾಗಿ ಬರೆಯಬೇಕೆಂದು ನಿರೀಕ್ಷಿಸಬೇಡಿ, ನಮ್ಮ ಭಾಷೆ ಅವರ ಭಾಷೆಯಲ್ಲ, ಅವರದು ಸನ್ನೆಯ ಭಾಷೆ ಎಂಬುದು ಅವರ ಅಭಿಪ್ರಾಯ. ಅವರದು ಬೇರೆ ಭಾಷೆ ಎಂದು ಕಂಡುಕೊಂಡ ಮನುಷ್ಯ, ಆ ಭಾಷೆಗೂ ತನ್ನದೇ ವ್ಯಾಕರಣ ಇರಬಹುದು ಎಂಬಲ್ಲಿಯವರೆಗೆ ಹೋಗಲಿಲ್ಲ. ಇದು ವಿಚಿತ್ರ, ಆದರೆ ಅರ್ಥವಾಗದ ವಿಚಿತ್ರವಲ್ಲ.

ಉರ್ದು ಮಾಧ್ಯಮದ ತರಗತಿ ನೋಡಿದವರಿಗೆ ಇದು ಗೊತ್ತು. ಮಗು ಮನೆಯಲ್ಲಿ ಕಲಿತು ಬಂದದ್ದು ದಖನಿ. 'ಮೇರೆಕು ನಕ್ಕೊ' ಎಂದು ಹೇಳುತ್ತದೆ. ನಾವು ತಕ್ಷಣ ಅದು ತಪ್ಪು, 'ಮುಝೆ ನಹೀಂ ಚಾಹಿಯೆ' ಅನ್ನು ಎನ್ನುತ್ತೇವೆ. ಮುಂದಿನ ಪೀರಿಯಡ್‌ನಲ್ಲಿ ಕನ್ನಡ, ಅದರ ಮುಂದೆ ಇಂಗ್ಲಿಷ್. ದಖನಿಗೂ ಅದರದೇ ನಿಯಮಗಳಿವೆ, ನಾನೂರು ವರ್ಷಗಳಿಗಿಂತ ಹಳೆಯ ಸಾಹಿತ್ಯವಿದೆ, ಬಿಜಾಪುರದ ಆದಿಲ್‌ಶಾಹಿ ಸುಲ್ತಾನರೇ ಅದರಲ್ಲಿ ಬರೆದಿದ್ದಾರೆ. ಆದರೂ ಮಗು ಅದನ್ನು ಆಡಿದರೆ ನಮಗೆ ಕೇಳುವುದು ಭಾಷೆಯಲ್ಲ, ತಪ್ಪು. ಕೇಳುವ ಕಿವಿ ಇರುವ ಮಗುವಿನ ಪಾಡೇ ಹೀಗಾದರೆ, ಕೈಯಲ್ಲಿ ಮಾತನಾಡುವ ಮಗುವಿನ ಭಾಷೆಯನ್ನು 18ನೇ ಶತಮಾನದಲ್ಲಿ ಒಬ್ಬ ಪಾದ್ರಿ ಅರ್ಧವಾದರೂ ಗುರುತಿಸಿದರು ಎಂಬುದೇ ದೊಡ್ಡದು.

ಪೂರ್ತಿ ಗುರುತಿಸಿದವನು ಒಬ್ಬ ಕಿವುಡನೇ. ಪಿಯೆರ್ ದೆಲೋಜ್ ಎಂಬಾತ ಏಳನೇ ವಯಸ್ಸಿನಲ್ಲಿ ಸಿಡುಬಿನಿಂದ ಕಿವಿ ಕಳೆದುಕೊಂಡವನು. ಪ್ಯಾರಿಸ್‌ನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡುತ್ತಿದ್ದ. 1779ರಲ್ಲಿ ಅವನು ಒಂದು ಚಿಕ್ಕ ಪುಸ್ತಕ ಪ್ರಕಟಿಸಿದ. ಕಿವುಡ ವ್ಯಕ್ತಿಯೊಬ್ಬ ಬರೆದು ಅಚ್ಚಾದ ಮೊಟ್ಟಮೊದಲ ಪುಸ್ತಕಗಳಲ್ಲಿ ಅದೂ ಒಂದು. ಸನ್ನೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಎನ್ನುವವರ ವಿರುದ್ಧ ಅವನು ಲೆಪೆ ಅವರ ಪರವಾಗಿಯೇ ವಾದಿಸಿದ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿದ: ಸನ್ನೆ ಭಾಷೆಯನ್ನು ಲೆಪೆ ಅವರು ಸೃಷ್ಟಿಸಲಿಲ್ಲ. ಪ್ಯಾರಿಸ್‌ನ ಕಿವುಡ ಕೆಲಸಗಾರರು ಯಾವ ಶಾಲೆಗೂ ಹೋಗದೆ ತಮ್ಮ ಸನ್ನೆಗಳಲ್ಲಿ ಎಲ್ಲವನ್ನೂ ಮಾತನಾಡಿಕೊಳ್ಳುತ್ತಿದ್ದರು. ತನಗೆ ಅದನ್ನು ಕಲಿಸಿದವನು ಓದು ಬರಹ ಬಾರದ ಇನ್ನೊಬ್ಬ ಕಿವುಡ. ಲೆಪೆ ಅವರನ್ನು 'ಸನ್ನೆ ಭಾಷೆಯ ಜನಕ' ಎಂದು ಬರೆಯುವ ಸಾಮಾನ್ಯ ಜ್ಞಾನದ ಪುಸ್ತಕಗಳು ಇದನ್ನು ತಿದ್ದಿಕೊಳ್ಳಬೇಕು. ಅವರು ಹೆಚ್ಚಾಗಿ ಮಾಡಿದ್ದು ಬೇರೆಯೇ. ಬೇರೆ ಬೇರೆ ಮನೆಗಳಲ್ಲಿ ಒಂಟಿಯಾಗಿ ಬೆಳೆಯುತ್ತಿದ್ದ ಕಿವುಡ ಮಕ್ಕಳನ್ನು ಒಂದೇ ಸೂರಿನಡಿ ತಂದರು. ಎಪ್ಪತ್ತು ಮಕ್ಕಳು ಒಂದೆಡೆ ಸೇರಿದಾಗ ಪಾಠದ ಸನ್ನೆಗಿಂತ ಆಟದ ಸನ್ನೆ ಬೇಗ ಬೆಳೆಯುತ್ತದೆ, ಅಲ್ಲವೇ?

ಅವರ ಇನ್ನೊಂದು ಗುಣ ಶಿಕ್ಷಕರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು. ಅದೇ ಕಾಲದಲ್ಲಿ ಪ್ಯಾರಿಸ್‌ನಲ್ಲಿ ಪೆರೇರ್ ಎಂಬ ಪ್ರಸಿದ್ಧ ಶಿಕ್ಷಕರು ಕಿವುಡರಿಗೆ ಮಾತು ಕಲಿಸುತ್ತಿದ್ದರು. ತಮ್ಮ ವಿಧಾನವನ್ನು ಗುಟ್ಟಾಗಿಟ್ಟಿದ್ದರು. ಜರ್ಮನಿಯ ಲೈಪ್ಜಿಗ್‌ನಲ್ಲಿ 1778ರಲ್ಲಿ ಶಾಲೆ ತೆರೆದ ಹೈನಿಕೆ ಅವರದೂ ಅದೇ ದಾರಿ, ಬಾಯಿಮಾತೇ ಮುಖ್ಯ ಮತ್ತು ವಿಧಾನ ಗುಟ್ಟು. ಲೆಪೆ ಅವರು ಮಾತ್ರ 1776ರಲ್ಲಿ, ಮತ್ತೆ 1784ರಲ್ಲಿ ತಮ್ಮ ಪದ್ಧತಿಯನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದರು. ಕಲಿಯಲು ಯಾವ ದೇಶದಿಂದ ಯಾರೇ ಬಂದರೂ ಉಚಿತವಾಗಿ ಕಲಿಸಿದರು. ಹೈನಿಕೆ ಅವರೊಡನೆ ಪತ್ರಗಳಲ್ಲಿ ದೊಡ್ಡ ವಾದವೇ ನಡೆದು, ಕೊನೆಗೆ 1783ರಲ್ಲಿ ಜೂರಿಕ್‌ನ ವಿದ್ವಾಂಸರು ಲೆಪೆ ಅವರ ಪರವಾಗಿ ತೀರ್ಪು ಕೊಟ್ಟರು. 1777ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್ ಶಾಲೆಗೆ ಬಂದು ನೋಡಿ, ನಿಮಗೆ ಆದಾಯದ ಒಂದು ಪದವಿ ಕೊಡಲೇ ಎಂದು ಕೇಳಿದರಂತೆ. ನನಗೆ ಬೇಡ, ಕಲಿಯಲು ಒಬ್ಬರನ್ನು ಕಳುಹಿಸಿ ಎಂದರು ಲೆಪೆ. ಚಕ್ರವರ್ತಿ ಅಬೆ ಸ್ಟೋರ್ಕ್ ಎಂಬವರನ್ನು ಕಳುಹಿಸಿದರು. 1779ರಲ್ಲಿ ವಿಯೆನ್ನಾದಲ್ಲಿ ಕಿವುಡರ ಶಾಲೆ ತೆರೆಯಿತು.

ಒಳ್ಳೆಯ ಮನಸ್ಸು ಎಲ್ಲ ಕಡೆಯೂ ಸರಿ ದಾರಿ ತೋರಿಸುತ್ತದೆ ಎಂದೇನಿಲ್ಲ. 1773ರಲ್ಲಿ ರಸ್ತೆಯಲ್ಲಿ ಅನಾಥನಾಗಿ ಸಿಕ್ಕಿದ ಒಬ್ಬ ಕಿವುಡ ಹುಡುಗ ಮುಂದೆ ಲೆಪೆ ಅವರ ಶಾಲೆಗೆ ಬಂದ. ಅವನ ಸನ್ನೆಗಳಿಂದ ಅವನು ಸೊಲಾರ್ ಎಂಬ ಶ್ರೀಮಂತ ಕೌಂಟ್ ಮನೆತನದ ಮಗನೆಂದು ಇವರು ನಂಬಿದರು. ಹಳೆಯ ವಕೀಲ ಮತ್ತೆ ಎದ್ದು ಕುಳಿತ! ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಟ ನಡೆದು 1781ರಲ್ಲಿ ತೀರ್ಪು ಹುಡುಗನ ಪರವಾಗಿ ಬಂತು. ಲೆಪೆ ಅವರು ತೀರಿಕೊಂಡ ಮೇಲೆ, 1792ರಲ್ಲಿ, ಆ ತೀರ್ಪು ರದ್ದಾಯಿತು. ಹುಡುಗನನ್ನು ಅಪಹರಿಸಿ ಬಿಟ್ಟುಬಂದ ಎಂಬ ಆರೋಪ ಹೊತ್ತು ಜೈಲು ಕಂಡಿದ್ದ ಕಜೋ ಎಂಬ ಯುವಕ ನಿರಪರಾಧಿ ಎಂದಾಯಿತು. ಲೆಪೆ ಅವರ ಅಭಿಮಾನಿಗಳು ಈ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ.

ಕೊನೆಯ ವರ್ಷಗಳಲ್ಲಿ ಹಣ ಕರಗುತ್ತಾ ಬಂತು. 1788ರ ಭೀಕರ ಚಳಿಗಾಲದಲ್ಲಿ ಮುದುಕರು ತಮ್ಮ ಕೋಣೆಗೆ ಸೌದೆ ಕೊಳ್ಳದೆ ಉಳಿಸಿದರೆಂದೂ, ಅದು ಗೊತ್ತಾಗಿ ಮಕ್ಕಳು ಅಳುತ್ತಾ ಹಟ ಹಿಡಿದು ಬೆಂಕಿ ಹಾಕಿಸಿದರೆಂದೂ, ನಿಮ್ಮ ದುಡ್ಡನ್ನು ನಾನು ಸುಟ್ಟೆನಲ್ಲ ಎಂದು ಅವರು ಆಮೇಲೂ ಕೊರಗುತ್ತಿದ್ದರೆಂದೂ ಅವರ ಜೀವನ ಚರಿತ್ರೆ ಬರೆದವರು ಹೇಳುತ್ತಾರೆ. 1789ರ ಡಿಸೆಂಬರ್ 23ರಂದು ಅವರು ತೀರಿಕೊಂಡರು. ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಗಿ ಆರು ತಿಂಗಳೂ ಆಗಿರಲಿಲ್ಲ. ಹಳೆಯದನ್ನೆಲ್ಲ ಕೆಡವುತ್ತಿದ್ದ ಆ ಕ್ರಾಂತಿಯ ಸರ್ಕಾರ ಈ ಪಾದ್ರಿಯ ಶಾಲೆಯನ್ನು ಕೆಡವಲಿಲ್ಲ. 1791ರಲ್ಲಿ ರಾಷ್ಟ್ರೀಯ ಸಭೆ ಅವರ ಹೆಸರನ್ನು ಮಾನವಕುಲದ ಉಪಕಾರಿಗಳ ಸಾಲಿಗೆ ಸೇರಿಸಿ, ಶಾಲೆಯ ಖರ್ಚನ್ನು ದೇಶದ ಬೊಕ್ಕಸಕ್ಕೆ ವಹಿಸಿತು. ಒಬ್ಬರ ದಾನದಿಂದ ನಡೆಯುತ್ತಿದ್ದದ್ದು ದೇಶದ ಹೊಣೆಯಾಯಿತು. ಸಂಘ ಸಂಸ್ಥೆಗಳನ್ನು ಚಂದಾ ಎತ್ತಿ ನಡೆಸುವವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ವಿವರಿಸಬೇಕಾಗಿಲ್ಲ.

ಮುಂದಿನ ಕಥೆಯನ್ನು ನಡೆಸಿದವರು ಕಿವುಡರೇ. ಆ ಶಾಲೆಯಲ್ಲಿ ಜಾನ್ ಮಾಸ್ಯು ಎಂಬ ಕಿವುಡ ಶಿಕ್ಷಕರಾದರು. ಅವರ ಶಿಷ್ಯ ಲೋರಾಂ ಕ್ಲೆರ್ ಕೂಡ ಶಿಕ್ಷಕರಾದರು. ಗ್ಯಾಲೊಡೆಟ್ ಎಂಬ ಅಮೆರಿಕದ ಒಬ್ಬ ಕ್ರೈಸ್ತ ಧರ್ಮಬೋಧಕರು ಪ್ಯಾರಿಸಿಗೆ ಕಲಿಯಲು ಬಂದು, 1816ರಲ್ಲಿ ಕ್ಲೆರ್ ಅವರನ್ನೇ ಕರೆದುಕೊಂಡು ಹಡಗು ಹತ್ತಿದರು. 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ತೆರೆದ ಅವರ ಶಾಲೆಯಿಂದ ಅಮೆರಿಕನ್ ಸನ್ನೆ ಭಾಷೆ ಬೆಳೆಯಿತು. ಲೆಪೆ ಅವರ ಕ್ರಮಬದ್ಧ ಸನ್ನೆಗಳು ಮಾತ್ರ ಬಹುಕಾಲ ಉಳಿಯಲಿಲ್ಲ. ಮಕ್ಕಳ ಸ್ವಂತ ಭಾಷೆಯಲ್ಲೇ ಕಲಿಸಬೇಕೆಂದು ಬೆಬಿಯಾಂ ಎಂಬ ಶಿಕ್ಷಕರು ವಾದಿಸಿದರು, ಆ ವಾದ ಗೆದ್ದಿತು.

ಗೆದ್ದದ್ದು ಉಳಿಯಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಬಂದಿದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಸನ್ನೆಗಿಂತ ಬಾಯಿಮಾತೇ ಶ್ರೇಷ್ಠ, ಶಾಲೆಗಳಲ್ಲಿ ಅದನ್ನೇ ಕಲಿಸಬೇಕು ಎಂದು ಸಮ್ಮೇಳನ ತೀರ್ಮಾನಿಸಿತು. ಯೂರೋಪಿನಾದ್ಯಂತ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ತರಗತಿಯಲ್ಲಿ ಸನ್ನೆ ಮಾಡಿದ ಮಕ್ಕಳ ಕೈಗೆ ಏಟು ಬಿತ್ತು. ಅದೇ ದಶಕದಲ್ಲಿ ಮುಂಬೈಯಲ್ಲಿ ಬಿಷಪ್ ಲಿಯೊ ಮ್ಯೂರಿನ್ ಅವರ ಪ್ರಯತ್ನದಿಂದ ಭಾರತದಲ್ಲಿ ಕಿವುಡರ ಶಾಲೆ ಆರಂಭವಾಯಿತು. ಮಿಲಾನಿನ ಗಾಳಿ ಬಲವಾಗಿದ್ದ ಕಾಲ ಅದು. ನಮ್ಮ ದೇಶದ ಶಾಲೆಗಳಲ್ಲೂ ಬಾಯಿಮಾತಿನ ಪದ್ಧತಿಯೇ ಬಹುಕಾಲ ನಡೆಯಿತು. ಮಿಲಾನಿನ ತೀರ್ಮಾನಕ್ಕೆ ಅದೇ ಸಮ್ಮೇಳನದ ಪರಂಪರೆಯವರು ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಲೆಕ್ಕ ಹಾಕಿ, 130 ವರ್ಷ. ಲೆಪೆ ಅವರ ಫ್ರಾನ್ಸ್ ತನ್ನ ಸನ್ನೆ ಭಾಷೆಯನ್ನು ಕಾನೂನಿನಲ್ಲಿ ಪೂರ್ಣ ಭಾಷೆಯೆಂದು ಒಪ್ಪಿದ್ದು 2005ರಲ್ಲಿ. ನಮ್ಮಲ್ಲಿ ಭಾರತೀಯ ಸನ್ನೆ ಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ ದೆಹಲಿಯಲ್ಲಿ ಕೇಂದ್ರ ಸ್ಥಾಪನೆಯಾದದ್ದು 2015ರಲ್ಲಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ.

ಕಾಯ್ದೆ ಬಂತು. ಆದರೆ ಓದುಗರೇ, ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ 'ವಿಶೇಷ ಅಗತ್ಯವುಳ್ಳ ಮಗು' ಎಂದು ಬರೆದು, ಕಿವಿ ಕೇಳದ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಸಮನ್ವಯ ಶಿಕ್ಷಣ ಮುಗಿಯಿತೇ? ಆ ಮಗು ಐದು ವರ್ಷ ಬೋರ್ಡಿನಿಂದ ಅಂದವಾಗಿ ನಕಲು ಮಾಡುತ್ತದೆ, ಅಕ್ಷರ ದುಂಡಾಗಿದೆ ಎಂದು ನಾವು ಹೊಗಳುತ್ತೇವೆ. ಇಡೀ ಶಾಲೆಯಲ್ಲಿ ಅದಕ್ಕೆ ಅದರ ಭಾಷೆಯಲ್ಲಿ 'ಊಟ ಆಯಿತಾ' ಎಂದು ಕೇಳಬಲ್ಲವರು ಒಬ್ಬರೂ ಇರುವುದಿಲ್ಲ. ಮಸೀದಿಯಲ್ಲಿ ಜುಮಾ ಖುತ್ಬಾ ನಡೆಯುವಾಗ ಸಾಲಿನಲ್ಲಿ ಕುಳಿತ ಕಿವುಡ ಯುವಕನಿಗೆ ಏನು ತಲುಪುತ್ತದೆ ಎಂದು ನಾವು ಯೋಚಿಸಿದ್ದೇವೆಯೇ? ಸಂಘದ ಸದಸ್ಯರು ತಮ್ಮ ಮುಂದಿನ ಸಭೆಯಲ್ಲಿ ಶಿಷ್ಯವೇತನದ ಪಟ್ಟಿಯ ಜೊತೆ ಇದನ್ನೂ ಚರ್ಚಿಸಲಿ: ಒಬ್ಬಿಬ್ಬರು ಯುವ ಶಿಕ್ಷಕರನ್ನೋ ಮದರಸದ ಉಸ್ತಾದರನ್ನೋ ಸನ್ನೆ ಭಾಷೆಯ ತರಬೇತಿಗೆ ಕಳುಹಿಸಲು ನಮ್ಮಿಂದ ಆಗದೇ? ನಾವು ಆಡುವ ಮಾತಿನಲ್ಲಿ ತಿದ್ದಿಕೊಳ್ಳಬೇಕಾದದ್ದೂ ಇದೆ. 'ಮೂಗ', 'ಗೂಂಗಾ' ಎಂದು ಬೈಗುಳದ ಹಾಗೆ ಬಳಸುತ್ತೇವಲ್ಲ, ದೆಲೋಜ್ ಪುಸ್ತಕ ಬರೆದು 240 ವರ್ಷಗಳ ಮೇಲಾಯಿತು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಲೆಪೆ ಅವರನ್ನು ಪ್ಯಾರಿಸ್‌ನ ಸೇಂಟ್ ರೋಷ್ ಚರ್ಚಿನಲ್ಲಿ ಮಣ್ಣು ಮಾಡಿದ್ದರು. ಅವರು ಸತ್ತು 45 ವರ್ಷಗಳ ನಂತರ, 1834ರಲ್ಲಿ, ಅದೇ ಶಾಲೆಯಲ್ಲಿ ಕಲಿತು ಅಲ್ಲಿಯೇ ಶಿಕ್ಷಕರಾಗಿದ್ದ ಫರ್ಡಿನಾಂಡ್ ಬರ್ತಿಯೆ ಎಂಬ ಕಿವುಡರ ಮುಂದಾಳುತನದಲ್ಲಿ, ಲೆಪೆ ಅವರ ಹುಟ್ಟುಹಬ್ಬದ ನೆನಪಿಗೆ ಒಂದು ಔತಣ ನಡೆಯಿತು. ಆಮೇಲೆ ಅದು ವರ್ಷ ವರ್ಷವೂ ನಡೆಯತೊಡಗಿತು. ಹೆಂಗಸರಿಗೆ ಆ ಔತಣದಲ್ಲಿ ಬಹುಕಾಲ ಜಾಗವಿರಲಿಲ್ಲ, ಅದು ಅವರ ಕಾಲದ ದೋಷ. ಚಿತ್ರಕಾರರು, ಅಚ್ಚುಮೊಳೆ ಜೋಡಿಸುವವರು, ಶಿಕ್ಷಕರು ಮೇಜಿನ ಸುತ್ತ ಕುಳಿತು ಭಾಷಣ, ಕವಿತೆ, ತಮಾಷೆ ಎಲ್ಲವನ್ನೂ ಕೈಗಳಲ್ಲೇ ನಡೆಸುತ್ತಿದ್ದರು. ಕಿವಿ ಕೇಳುವ ಕೆಲವು ಪತ್ರಕರ್ತರನ್ನೂ ಕರೆಯುವುದಿತ್ತು. ಸಭೆಯೆಲ್ಲ ನಗುವಾಗ ಆ ಅತಿಥಿಗಳು, ಈಗ ಏನು ಹೇಳಿದರು ಎಂದು ಪಕ್ಕದವರ ಮುಖ ನೋಡುತ್ತಾ ಕೂರುತ್ತಿದ್ದರು.